ಕಾಲೇಜಿನ ಕಾನೂನು ವಿಭಾಗ ಯಾರ ಪರವಾಗಿ ಕೆಲಸ ಮಾಡುತ್ತದೆ?

ಪ್ರಶ್ನೆ: ಪ್ರಾಜೆಕ್ಟ್ ಸಮಿತಿಯ ಬೋಧಕಿ

ಎಲ್ಲರಿಗೂ ನಮಸ್ಕಾರ. ನಾನು ಕಾಲೇಜೊಂದರಲ್ಲಿ ಬೋಧಕಿ; ಅಂತಿಮ ವರ್ಷದ ಪ್ರಾಜೆಕ್ಟ್‌ಗಳ ಮೌಲ್ಯಮಾಪನ ಸಮಿತಿಯಲ್ಲಿಯೂ ಇದ್ದೇನೆ. ನಮ್ಮ ವಿದ್ಯಾರ್ಥಿಯೊಬ್ಬರು ತಮ್ಮ ಪ್ರಾಜೆಕ್ಟ್‌ಗೆ ಅನ್ಯಾಯವಾಗಿ ಕಡಿಮೆ ಅಂಕ ನೀಡಲಾಗಿದೆ ಎಂದು ಲಿಖಿತ ದೂರು ಕೊಟ್ಟಿದ್ದಾರೆ. ಅವರ ಪರವಾಗಿ ವಕೀಲರ ಪತ್ರವೂ ಆಡಳಿತಕ್ಕೆ ಬಂದಿದೆಯಂತೆ. ಅದರ ಬೆನ್ನಲ್ಲೇ ಕಾಲೇಜಿನ ಕಾನೂನು ವಿಭಾಗದಿಂದ ನನಗೊಂದು ಇಮೇಲ್ ಬಂದಿತು. ಈ ವಿಷಯಕ್ಕೆ ಸಂಬಂಧಪಟ್ಟ ಇಮೇಲ್, ವಾಟ್ಸ್‌ಆ್ಯಪ್ ಸಂದೇಶ, ಅಂಕಪಟ್ಟಿ, ಕೈಬರಹದ ಟಿಪ್ಪಣಿ ಇವುಗಳಲ್ಲಿ ಯಾವುದನ್ನೂ ಅಳಿಸಬಾರದು, ತಿದ್ದಬಾರದು ಎಂದೂ, ಗುರುವಾರ ಅವರ ಕಚೇರಿಗೆ ಹೋಗಿ ನಡೆದದ್ದನ್ನು ವಿವರಿಸಬೇಕೆಂದೂ, ಈ ಪತ್ರವ್ಯವಹಾರವನ್ನು ಗೌಪ್ಯವಾಗಿಡಬೇಕೆಂದೂ ಅದರಲ್ಲಿ ಬರೆದಿದೆ.

ಇಲ್ಲಿಯವರೆಗೆ ಆ ಕಚೇರಿಯೊಡನೆ ನನಗಿದ್ದ ಒಡನಾಟವೆಲ್ಲ ಒಡಂಬಡಿಕೆ ಪತ್ರಗಳದ್ದು. ಹೊರಗಿನ ಸಂಸ್ಥೆ ಪ್ರಾಯೋಜಿಸುವ ಸಂಶೋಧನೆಯ ಕರಡನ್ನು ಕಳುಹಿಸುತ್ತೇವೆ, ಅದು ತಿದ್ದುಪಡಿಗಳೊಡನೆ ಹಿಂದಿರುಗುವವರೆಗೆ ಕಾಯುತ್ತೇವೆ. ವಿವಾದವೊಂದರಲ್ಲಿ ಅವರ ಮುಂದೆ ಕುಳಿತುಕೊಳ್ಳುವ ಸಂದರ್ಭ ಈಗಲೇ ಬಂದಿರುವುದು.

ನನ್ನ ಚಿಂತೆಗೆ ಕಾರಣ ಅಂಕಪಟ್ಟಿಯ ಒಂದು ಕಲಂ. ಸಮಿತಿಯ ಸಭೆ ಮುಗಿದ ಮೇಲೆ ಅದರಲ್ಲಿದ್ದ ಅಂಕವನ್ನು ಹೊಡೆದುಹಾಕಿ ಬೇರೆ ಅಂಕ ಬರೆಯಲಾಗಿದೆ. ಪಕ್ಕದಲ್ಲಿ ವಿಭಾಗದ ಮುಖ್ಯಸ್ಥರ ಚಿಕ್ಕ ಸಹಿ ಇದೆ, ಕಾರಣ ಬರೆದಿಲ್ಲ. ತಿದ್ದುಪಡಿಗೆ ಸರಿಯಾದ ಕಾರಣವೇ ಇದ್ದಿರಬಹುದು, ಆದರೆ ಅದನ್ನು ನನಗೆ ಯಾರೂ ತಿಳಿಸಿಲ್ಲ. ಇದನ್ನು ಕಾನೂನು ವಿಭಾಗದವರಿಗೆ ಹೇಳಿದರೆ ಅವರು ನನ್ನನ್ನು ಕಾಪಾಡುತ್ತಾರೆಯೇ, ಅಥವಾ ಅವರು ಮುಖ್ಯಸ್ಥರ ಮತ್ತು ಪ್ರಾಂಶುಪಾಲರ ವಕೀಲರೇ? ನಾನು ಹೇಳಿದ್ದು ಅಲ್ಲಿಯೇ ಉಳಿಯುತ್ತದೆಯೇ? ನಾನು ನನ್ನದೇ ವಕೀಲರನ್ನು ನೋಡಬೇಕೇ? ಆ ಕಚೇರಿಯ ಕೆಲಸ ನಿಜವಾಗಿ ಏನು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಕಾನೂನು ಅಧಿಕಾರಿ

ಮೇಡಂ, ನಾನು ವೃತ್ತಿಜೀವನದ ಬಹುಭಾಗವನ್ನು ಇಂತಹ ಕಚೇರಿಯಲ್ಲಿಯೇ ಕಳೆದವನು. ನೀವು ಕೇಳಿದ ಪ್ರಶ್ನೆಗಳಲ್ಲಿ ಮೊದಲನೆಯದೇ ಮೂಲಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ಉಳಿದವುಗಳಿಗೂ ಅಲ್ಲಿಂದಲೇ ಉತ್ತರ ಸಿಗುತ್ತದೆ.

ಆ ಕಚೇರಿಯ ಕಕ್ಷಿದಾರ ಕಾಲೇಜು ಎಂಬ ಸಂಸ್ಥೆ. ನೀವಲ್ಲ, ವಿದ್ಯಾರ್ಥಿಯಲ್ಲ, ಮುಖ್ಯಸ್ಥರೂ ಅಲ್ಲ, ಪ್ರಾಂಶುಪಾಲರೂ ಅಲ್ಲ. ಕೊನೆಯ ಎರಡನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಬೋಧಕರಲ್ಲಿ ಹೆಚ್ಚಿನವರು ಮೊದಲೆರಡನ್ನು ಒಪ್ಪಿಕೊಂಡು ಕೊನೆಯ ಎರಡನ್ನು ನಂಬುವುದಿಲ್ಲ. ಸಂಸ್ಥೆಗೆ ಬಾಯಿಲ್ಲದ ಕಾರಣ ಅದು ತನ್ನ ಅಧಿಕಾರಿಗಳ ಮೂಲಕವೇ ಮಾತನಾಡಬೇಕು, ಹಾಗಾಗಿ ದಿನನಿತ್ಯ ಕಾನೂನು ವಿಭಾಗಕ್ಕೆ ಸೂಚನೆ ಕೊಡುವವರು ಪ್ರಾಂಶುಪಾಲರು, ಕುಲಸಚಿವರು, ಹಣಕಾಸು ಅಧಿಕಾರಿ ಇಂಥವರೇ ಆಗಿರುತ್ತಾರೆ. ಆದರೆ ಅವರ ವೈಯಕ್ತಿಕ ಹಿತವೂ ಸಂಸ್ಥೆಯ ಹಿತವೂ ಬೇರೆಯಾದ ಕ್ಷಣದಲ್ಲಿ ಕಚೇರಿ ನಿಲ್ಲಬೇಕಾದದ್ದು ಸಂಸ್ಥೆಯ ಕಡೆಗೆ. ಅಮೆರಿಕದ ವಕೀಲರ ಸಂಘವು 1983ರಲ್ಲಿ ಅಂಗೀಕರಿಸಿದ ಮಾದರಿ ನಡವಳಿಕೆ ನಿಯಮಗಳಲ್ಲಿ 1.13ನೆಯದು ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಅಧಿಕಾರಿಯೊಬ್ಬರು ಸಂಸ್ಥೆಗೆ ಗಣನೀಯ ಹಾನಿ ತರಬಲ್ಲ ಕಾನೂನುಬಾಹಿರ ಕೆಲಸದಲ್ಲಿ ತೊಡಗಿದ್ದಾರೆಂದು ವಕೀಲರಿಗೆ ತಿಳಿದರೆ, ಅವರು ಅದನ್ನು ಮೇಲಿನ ಹಂತಕ್ಕೆ, ಅಗತ್ಯಬಿದ್ದರೆ ಆಡಳಿತ ಮಂಡಳಿಯವರೆಗೂ, ಒಯ್ಯಬೇಕು. ಅಂಕ ತಿದ್ದಿದ ವಿಷಯ ಅಷ್ಟು ದೊಡ್ಡದೆಂದು ನಾನು ಹೇಳುತ್ತಿಲ್ಲ. ಮುಖ್ಯಸ್ಥರ ತಿದ್ದುಪಡಿಯ ಬಗ್ಗೆ ಸತ್ಯ ಹೇಳುವುದೆಂದರೆ ಕಚೇರಿಯ ವಿರುದ್ಧ ಹೋಗುವುದು ಎಂದು ನೀವು ಭಾವಿಸಬೇಕಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಸಂಸ್ಥೆಗೆ ಬೇಕಾದದ್ದು ನಿಜ ಸಂಗತಿ, ಅದೂ ಎದುರು ವಕೀಲರಿಗೆ ಗೊತ್ತಾಗುವ ಮೊದಲು. ನಾನು ಕಂಡಂತೆ ಕಾಲೇಜುಗಳು ಸೋತ ಪ್ರಕರಣಗಳಲ್ಲಿ ಹೆಚ್ಚಿನವು ಮೂಲ ನಿರ್ಧಾರ ತಪ್ಪಾಗಿದ್ದಕ್ಕಿಂತ, ಯಾರೋ ಒಬ್ಬರು ಅರ್ಧ ಹೇಳಿ ಅರ್ಧ ಮುಚ್ಚಿಟ್ಟದ್ದರಿಂದ ಸೋತವು.

ಇನ್ನು ಅಳಿಸಬಾರದೆಂಬ ಸೂಚನೆ. ಅದು ನಿಮ್ಮ ಮೇಲಿನ ಆರೋಪವಲ್ಲ. ಮೊಕದ್ದಮೆಯ ಸಾಧ್ಯತೆ ಕಂಡೊಡನೆ ದಾಖಲೆಗಳನ್ನು ಇದ್ದಂತೆಯೇ ಉಳಿಸಿಕೊಳ್ಳಬೇಕಾದದ್ದು ಸಂಸ್ಥೆಯ ಹೊಣೆ, ಅದಕ್ಕಾಗಿ ಸಂಬಂಧಪಟ್ಟ ಎಲ್ಲರಿಗೂ ಒಂದೇ ಒಕ್ಕಣೆಯ ಪತ್ರ ಹೋಗುತ್ತದೆ. ಇಲ್ಲಿ ಕೆಲವು ಸಣ್ಣ ಸಂಗತಿಗಳು ದೊಡ್ಡ ಪರಿಣಾಮ ಮಾಡುತ್ತವೆ. ನಿಮ್ಮ ವಾಟ್ಸ್‌ಆ್ಯಪ್‌ನಲ್ಲಿ ಸಂದೇಶಗಳು ತಾವಾಗಿಯೇ ಅಳಿಯುವ ವ್ಯವಸ್ಥೆ ಚಾಲೂ ಇದ್ದರೆ ಇವತ್ತೇ ಅದನ್ನು ನಿಲ್ಲಿಸಿ. ಅಂಕಗಳ ಎಕ್ಸೆಲ್ ಕಡತ ಇದ್ದರೆ ಅದನ್ನು ತೆರೆದು ಮತ್ತೆ ಉಳಿಸಲು ಹೋಗಬೇಡಿ. ಒಂದು ಅಕ್ಷರವನ್ನೂ ಬದಲಿಸದಿದ್ದರೂ ಕಡತವನ್ನು ಕೊನೆಯದಾಗಿ ತಿದ್ದಿದ ದಿನಾಂಕ ಇವತ್ತಿನದಾಗುತ್ತದೆ, ಮುಂದೆ ಅದಕ್ಕೆ ವಿವರಣೆ ಕೊಡುತ್ತ ಕೂರಬೇಕಾಗುತ್ತದೆ. ಕಾಗದದ ಅಂಕಪಟ್ಟಿಯನ್ನು ಹಾಗೆಯೇ ಒಂದು ಲಕೋಟೆಯಲ್ಲಿಡಿ, ಅದರ ಮೇಲೆ ಪೆನ್ಸಿಲ್ ಗುರುತನ್ನೂ ಹಾಕಬೇಡಿ, ಕೊಡುವಾಗ ಸ್ವೀಕೃತಿ ಪಡೆಯಿರಿ. ‘ಸಭೆಯಲ್ಲಿ ಹೀಗೆ ಚರ್ಚೆಯಾಯಿತು’ ಎಂದು ಈಗ ಬರೆದು ಹಿಂದಿನ ದಿನಾಂಕ ಹಾಕಿ ಎಂದು ಯಾರಾದರೂ ಕೇಳಿದರೆ, ಅವರು ಎಷ್ಟೇ ಹಿರಿಯರಾಗಿರಲಿ, ಒಪ್ಪಬೇಡಿ. ಸಹೋದ್ಯೋಗಿಗಳ ಗುಂಪಿನಲ್ಲಿ ಈ ಬಗ್ಗೆ ಚರ್ಚೆ ನಡೆಸಬೇಡಿ, ಅದೂ ದಾಖಲೆಯೇ ಆಗುತ್ತದೆ.

ಗುರುವಾರ ಮಾತು ಆರಂಭಿಸುವ ಮೊದಲು, ತಾವು ಕಾಲೇಜಿನ ವಕೀಲರೇ ಹೊರತು ನಿಮ್ಮ ವೈಯಕ್ತಿಕ ವಕೀಲರಲ್ಲ ಎಂಬುದನ್ನು ಅವರೇ ನಿಮಗೆ ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ. ಒಳ್ಳೆಯ ಕಚೇರಿ ಆ ಪ್ರಶ್ನೆಯಿಂದ ಬೇಸರಪಟ್ಟುಕೊಳ್ಳುವುದಿಲ್ಲ.

ಕಚೇರಿಯ ಒಟ್ಟು ಕೆಲಸದ ಬಗ್ಗೆ ಕೇಳಿದ್ದೀರಿ. ವಿವಾದ ಅದರ ಒಂದು ಪಾಲು ಮಾತ್ರ. ನೇಮಕಾತಿ ಮತ್ತು ಸೇವಾ ನಿಯಮಗಳು, ಶಿಸ್ತು ಕ್ರಮದ ವಿಧಿವಿಧಾನ, ವಿದ್ಯಾರ್ಥಿಗಳ ದಾಖಲೆಗಳನ್ನು ಯಾರಿಗೆ ಎಷ್ಟು ಕೊಡಬಹುದೆಂಬ ತೀರ್ಮಾನ, ದಾನಿಗಳು ದತ್ತಿಗೆ ಹಾಕುವ ಷರತ್ತುಗಳು, ಪೇಟೆಂಟ್, ಕಟ್ಟಡದ ಗುತ್ತಿಗೆ, ವಿಮೆ, ದತ್ತಾಂಶ ಸೋರಿಕೆ ಹೀಗೆ ಅದರ ಮೇಜಿಗೆ ಬಾರದ ವಿಷಯ ಕಡಿಮೆ. ಅದರ ಅತ್ಯುತ್ತಮ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಸಭೆ ಮುಗಿದ ಮೇಲೆ ಅಂಕ ತಿದ್ದುವುದಾದರೆ ಕಾರಣ ಬರೆದು ಸಮಿತಿಯ ಎಲ್ಲರ ಸಹಿ ಪಡೆಯಬೇಕು ಎಂಬ ಒಂದು ಸಾಲಿನ ನಿಯಮ ನಿಮ್ಮಲ್ಲಿ ಇದ್ದಿದ್ದರೆ ಇವತ್ತು ನೀವು ಈ ಪ್ರಶ್ನೆ ಕೇಳುವ ಅಗತ್ಯವೇ ಇರುತ್ತಿರಲಿಲ್ಲ.

ಉತ್ತರ 2: ಹೊರಗಿನ ವಕೀಲರು

ಹಿರಿಯರು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಗೌಪ್ಯತೆಯ ವಿಷಯವನ್ನು ಅವರು ಬೇಗ ದಾಟಿಬಿಟ್ಟರು. ನಾನು ಸಂಸ್ಥೆಗಳ ಒಳಗಿನವನಲ್ಲ, ಬೋಧಕರ ಮತ್ತು ವಿದ್ಯಾರ್ಥಿಗಳ ಪರವಾಗಿ ಹಾಜರಾಗುವವನು. ಆ ಕಡೆಯಿಂದ ಕಾಣುವುದನ್ನು ಬರೆಯುತ್ತೇನೆ.

ಅಮೆರಿಕದ ಸುಪ್ರೀಂ ಕೋರ್ಟ್ 1981ರಲ್ಲಿ ಅಪ್‌ಜಾನ್ ಕಂಪನಿಯ ಪ್ರಕರಣದಲ್ಲಿ ನೀಡಿದ ತೀರ್ಪು ಈ ವಿಷಯದಲ್ಲಿ ದಾರಿದೀಪವಾಗಿದೆ. ಸಂಸ್ಥೆಗೆ ಕಾನೂನು ಸಲಹೆ ದೊರಕಿಸುವ ಸಲುವಾಗಿ ಅದರ ವಕೀಲರೊಡನೆ ನೌಕರರು, ಕೆಳಹಂತದವರೂ ಸೇರಿದಂತೆ, ನಡೆಸುವ ಸಂಭಾಷಣೆಗೆ ಗೌಪ್ಯತೆಯ ರಕ್ಷಣೆ ಇದೆ ಎಂದು ಅದು ಹೇಳಿತು. ಇದರಲ್ಲಿ ನೀವು ಗಮನಿಸಬೇಕಾದ ಎರಡು ಸಂಗತಿಗಳಿವೆ. ಆ ರಕ್ಷಣೆ ಸಂಸ್ಥೆಯ ಸ್ವತ್ತು. ಸಂಸ್ಥೆ ಬಯಸಿದರೆ ಅದನ್ನು ಬಿಟ್ಟುಕೊಟ್ಟು ನೀವು ಹೇಳಿದ್ದನ್ನು ತನಿಖಾಧಿಕಾರಿಗಳಿಗೆ ಒಪ್ಪಿಸಬಹುದು, ನಿಮ್ಮ ಅನುಮತಿ ಬೇಕಿಲ್ಲ. ಅಲ್ಲದೆ, ಆ ರಕ್ಷಣೆ ಇರುವುದು ಸಂಭಾಷಣೆಗೆ ಮಾತ್ರ, ಸಂಗತಿಗೆ ಇಲ್ಲ. ಕಾನೂನು ವಿಭಾಗಕ್ಕೆ ನೀವು ಏನು ಹೇಳಿದಿರಿ ಎಂದು ಎದುರು ವಕೀಲರು ಕೇಳಲಾರರು, ಆದರೆ ಅಂಕಪಟ್ಟಿಯ ತಿದ್ದುಪಡಿ ನಿಮಗೆ ಗೊತ್ತಿತ್ತೇ ಎಂದು ನೇರವಾಗಿ ಕೇಳಬಹುದು. ಕಾನೂನು ವಿಭಾಗಕ್ಕೆ ಹೇಳಿದ್ದೇನೆ ಎಂಬ ಕಾರಣಕ್ಕೆ ಅದು ಗುಟ್ಟಾಗುವುದಿಲ್ಲ.

ಎಲ್ಲ ದೇಶಗಳಲ್ಲಿ ಇಷ್ಟು ರಕ್ಷಣೆಯೂ ಇಲ್ಲ. ಯೂರೋಪಿನ ನ್ಯಾಯಾಲಯವು 2010ರಲ್ಲಿ ಆ್ಯಕ್ಜೊ ನೊಬೆಲ್ ಕಂಪನಿಯ ಪ್ರಕರಣದಲ್ಲಿ, ಯೂರೋಪಿಯನ್ ಆಯೋಗ ನಡೆಸುವ ಸ್ಪರ್ಧಾ ಕಾನೂನಿನ (ಮಾರುಕಟ್ಟೆಯಲ್ಲಿ ನ್ಯಾಯಯುತ ಪೈಪೋಟಿಯನ್ನು ಕಾಪಾಡುವ ಕಾನೂನಿನ) ತನಿಖೆಗಳಲ್ಲಿ ಸಂಸ್ಥೆಯ ಸಂಬಳದ ವಕೀಲರೊಡನೆ ನಡೆದ ಪತ್ರವ್ಯವಹಾರಕ್ಕೆ ಗೌಪ್ಯತೆಯ ರಕ್ಷಣೆ ಸಲ್ಲದು, ಏಕೆಂದರೆ ಸಂಬಳಕ್ಕಾಗಿ ಸಂಸ್ಥೆಯನ್ನು ಅವಲಂಬಿಸಿದವರು ಹೊರಗಿನ ವಕೀಲರಷ್ಟು ಸ್ವತಂತ್ರರಲ್ಲ ಎಂದಿತು. ಭಾರತದಲ್ಲಿ ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿ ವೃತ್ತಿ ನಡೆಸುವಂತಿಲ್ಲ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಎಳೆಯನ್ನೇ ಮುಂದುವರಿಸಿ, ಸಂಸ್ಥೆಯೊಳಗಿನ ಕಾನೂನು ಸಲಹೆಗಾರರಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನ ವಕೀಲ-ಕಕ್ಷಿದಾರ ರಕ್ಷಣೆ ದೊರೆಯದು ಎಂದು ಹೇಳಿದೆ. ಹಾಗಾಗಿ ‘ಗೌಪ್ಯ’ ಎಂದು ಇಮೇಲ್‌ನ ತಲೆಯ ಮೇಲೆ ಬರೆದ ಮಾತ್ರಕ್ಕೆ ಅದು ನ್ಯಾಯಾಲಯದಲ್ಲಿ ಗೌಪ್ಯವಾಗಿ ಉಳಿಯುತ್ತದೆ ಎಂದು ತಿಳಿಯಬೇಡಿ.

ಯಾರು ಯಾರ ವಕೀಲರು ಎಂಬುದು ಮಸುಕಾದಾಗ ಏನಾಗುತ್ತದೆ ಎಂಬುದಕ್ಕೆ ಪೆನ್‌ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ 2011ರಲ್ಲಿ ತನಿಖೆ ನಡೆಯುತ್ತಿದ್ದಾಗ, ವಿಶ್ವವಿದ್ಯಾಲಯದ ಪ್ರಧಾನ ಕಾನೂನು ಸಲಹೆಗಾರ್ತಿ ಮೂವರು ಹಿರಿಯ ಅಧಿಕಾರಿಗಳ ಜೊತೆ ಗ್ರ್ಯಾಂಡ್ ಜ್ಯೂರಿಯ (ಆರೋಪ ಹೊರಿಸಬೇಕೇ ಎಂದು ಸಾಕ್ಷ್ಯ ಕೇಳಿ ಪರಿಶೀಲಿಸುವ ನಾಗರಿಕರ ಮಂಡಳಿಯ) ಮುಂದೆ ಹೋಗಿ ಕುಳಿತರು. ಅಧಿಕಾರಿಗಳು ಅವರನ್ನು ತಮ್ಮ ವಕೀಲರೆಂದೇ ನಂಬಿದ್ದರು. ತಾವು ವಿಶ್ವವಿದ್ಯಾಲಯದ ವಕೀಲರಾಗಿ ಮಾತ್ರ ಹೋಗಿದ್ದಾಗಿ ಅವರು ನಂತರ ಹೇಳಿದರು. ಮುಂದೆ ಗ್ರ್ಯಾಂಡ್ ಜ್ಯೂರಿಯ ಎದುರು ಆ ಅಧಿಕಾರಿಗಳ ಬಗ್ಗೆ ಅವರೇ ಸಾಕ್ಷ್ಯ ನುಡಿದರು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ, ವಕೀಲ-ಕಕ್ಷಿದಾರ ಗೌಪ್ಯತೆ ಮುರಿದಿದೆ ಎಂಬ ಕಾರಣಕ್ಕೆ ಅಧಿಕಾರಿಗಳ ಮೇಲಿದ್ದ ಕೆಲವು ಗಂಭೀರ ಆರೋಪಗಳನ್ನು ರದ್ದುಪಡಿಸಿತು. 2020ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಆ ಸಲಹೆಗಾರ್ತಿ ವೃತ್ತಿನಿಯಮಗಳನ್ನು ಉಲ್ಲಂಘಿಸಿದ್ದಾರೆಂದು ತೀರ್ಮಾನಿಸಿ ಸಾರ್ವಜನಿಕವಾಗಿ ಛೀಮಾರಿ ಹಾಕಿತು. ಮೊದಲ ದಿನವೇ ‘ನಾನು ನಿಮ್ಮ ವಕೀಲಳಲ್ಲ, ನೀವು ಬೇರೆಯವರನ್ನು ನೋಡಿಕೊಳ್ಳಿ’ ಎಂದು ಖಚಿತವಾಗಿ ಹೇಳಿದ್ದಿದ್ದರೆ ಇದರಲ್ಲಿ ಎಷ್ಟೋ ಭಾಗ ತಪ್ಪುತ್ತಿತ್ತು.

ನಿಮ್ಮ ಸಂದರ್ಭಕ್ಕೆ ಬರುವುದಾದರೆ, ಮೇಡಂ, ನೀವು ಹೇಳಿದ ಸಂಗತಿಗಳಲ್ಲಿ ನಿಮ್ಮ ಕಡೆಯ ಲೋಪವೇನೂ ಕಾಣುತ್ತಿಲ್ಲ. ಆದರೂ ನಿಮ್ಮ ಮತ್ತು ಮುಖ್ಯಸ್ಥರ ಹೇಳಿಕೆಗಳು ಬೇರೆಯಾಗುವ ಸಾಧ್ಯತೆ ಇರುವುದರಿಂದ, ಗುರುವಾರಕ್ಕೆ ಮೊದಲು ಹೊರಗಿನ ವಕೀಲರೊಬ್ಬರನ್ನು ಒಮ್ಮೆ ಕಂಡು ಬನ್ನಿ. ಅವರು ಸಭೆಗೆ ಬರಲೇಬೇಕೆಂದಿಲ್ಲ. ನಿಮ್ಮ ಮೇಲೆಯೇ ಶಿಸ್ತು ಕ್ರಮದ ಸೂಚನೆ ಬಂದರೆ ಅಥವಾ ಪ್ರಶ್ನೆಗಳು ನಿಮ್ಮ ವರ್ತನೆಯ ಕಡೆಗೆ ತಿರುಗಿದರೆ, ಮಾತನ್ನು ಅಲ್ಲಿಗೆ ನಿಲ್ಲಿಸಿ ಸಮಯ ಕೇಳಿ.

ಉತ್ತರ 3: ಸಂಶೋಧನಾ ವಿದ್ಯಾರ್ಥಿನಿ

ಇಬ್ಬರ ಉತ್ತರಗಳನ್ನೂ ಗಮನವಿಟ್ಟು ಓದಿದೆ. ಎರಡರಲ್ಲಿಯೂ ದೂರು ಕೊಟ್ಟ ವಿದ್ಯಾರ್ಥಿ ‘ಎದುರು ಪಕ್ಷ’ವಾಗಿಯೇ ಬಂದುಹೋಗಿದ್ದಾರೆ, ಅವರ ಕಡೆಯಿಂದ ನಾಲ್ಕು ಮಾತು ಬರೆಯಬೇಕೆನಿಸಿತು. ನಾನು ವಿದ್ಯಾರ್ಥಿ ಪ್ರತಿನಿಧಿಯಾಗಿದ್ದಾಗ ದೂರುದಾರರ ಜೊತೆ ಹಲವು ಬಾರಿ ಆಡಳಿತ ಕಚೇರಿಗೆ ಹೋಗಿದ್ದೇನೆ.

ಅಂಕದ ವಿಷಯದಲ್ಲಿ ವಕೀಲರ ಬಳಿಗೆ ಹೋಗುವ ವಿದ್ಯಾರ್ಥಿ ಮೊದಲು ಬೋಧಕರನ್ನು ಕೇಳಿರುತ್ತಾರೆ, ಆಮೇಲೆ ಮುಖ್ಯಸ್ಥರನ್ನು ಕೇಳಿರುತ್ತಾರೆ. ಅವರಿಗೆ ಬೇಕಾಗಿದ್ದದ್ದು ತನ್ನ ಕೆಲಸದಲ್ಲಿ ಎಲ್ಲಿ ಕೊರತೆಯಾಯಿತು ಎಂಬ ವಿವರಣೆ. ಉತ್ತರ ಬಾರದಿದ್ದಾಗ ದೂರು ಬರೆಯುತ್ತಾರೆ. ದೂರು ಬರೆದೊಡನೆ ‘ವಿಷಯ ಲೀಗಲ್‌ಗೆ ಹೋಗಿದೆ, ಇನ್ನು ಏನೂ ಹೇಳುವಂತಿಲ್ಲ’ ಎಂದು ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಆ ಮೌನವನ್ನು ಇಪ್ಪತ್ತು, ಇಪ್ಪತ್ತೊಂದು ವರ್ಷದವರು ತಪ್ಪೊಪ್ಪಿಗೆ ಎಂದೇ ಓದಿಕೊಳ್ಳುತ್ತಾರೆ. ಜಗಳ ಬೆಳೆಯುವುದು ಹೀಗೆ.

ವಿದ್ಯಾರ್ಥಿಗೆ ದಾಖಲೆ ನೋಡುವ ಹಕ್ಕು ಬಹಳ ಕಡೆ ಕಾನೂನಿನಲ್ಲಿಯೇ ಇದೆ. ಅಮೆರಿಕದಲ್ಲಿ 1974ರ ಶೈಕ್ಷಣಿಕ ದಾಖಲೆಗಳ ಕಾಯ್ದೆಯ ಪ್ರಕಾರ, ವಿದ್ಯಾರ್ಥಿ ಕೇಳಿದ ನಲವತ್ತೈದು ದಿನಗಳೊಳಗೆ ಅವರ ದಾಖಲೆಯನ್ನು ತೋರಿಸಬೇಕು. ಬೋಧಕರು ಕೇವಲ ತಮ್ಮ ನೆನಪಿಗಾಗಿ ಬರೆದಿಟ್ಟುಕೊಂಡು ಬೇರೆ ಯಾರಿಗೂ ತೋರಿಸದ ಟಿಪ್ಪಣಿಗಳಿಗೆ ಅದರಲ್ಲಿ ವಿನಾಯಿತಿ ಇದೆ. ಭಾರತದ ಸುಪ್ರೀಂ ಕೋರ್ಟ್ 2011ರಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ, ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ಪಡೆಯಲು ಪರೀಕ್ಷಾರ್ಥಿಗೆ ಹಕ್ಕಿದೆ, ಮೌಲ್ಯಮಾಪಕರ ಗುರುತನ್ನು ಮಾತ್ರ ಬಹಿರಂಗಪಡಿಸಬೇಕಿಲ್ಲ ಎಂದಿತು. ಇದಕ್ಕೂ ಹಿಂದೆ, 1960ರಲ್ಲಿ ವರ್ಣಭೇದದ ವಿರುದ್ಧ ಉಪಾಹಾರ ಗೃಹವೊಂದರಲ್ಲಿ ಧರಣಿ ಕುಳಿತ ಕರಿಯ ವಿದ್ಯಾರ್ಥಿಗಳನ್ನು ಅಲಬಾಮಾ ಸ್ಟೇಟ್ ಕಾಲೇಜು ನೋಟಿಸ್ ನೀಡದೆ, ವಿಚಾರಣೆ ನಡೆಸದೆ ಹೊರಹಾಕಿದಾಗ, 1961ರ ಡಿಕ್ಸನ್ ಪ್ರಕರಣದ ತೀರ್ಪು ಅದು ಸಲ್ಲದೆಂದು ಹೇಳಿತು. ಸರ್ಕಾರಿ ಕಾಲೇಜು ಯಾರನ್ನಾದರೂ ಹೊರಹಾಕುವ ಮೊದಲು ಕಾರಣ ತಿಳಿಸಿ ಅವರ ಮಾತನ್ನು ಕೇಳಬೇಕು ಎಂಬುದನ್ನು ಆ ವಿದ್ಯಾರ್ಥಿಗಳು ಹೋರಾಡಿ ಗೆದ್ದರು. ಕಾಲೇಜುಗಳ ಕಾನೂನು ಕಚೇರಿಗಳು ಇವತ್ತು ಬರೆಯುವ ಶಿಸ್ತು ನಿಯಮಾವಳಿಗಳಲ್ಲಿ ನೋಟಿಸ್, ವಿಚಾರಣೆ ಎಂಬ ಪದಗಳು ಇರುವುದಕ್ಕೆ ಅಂಥವರು ಪಟ್ಟ ಪಾಡೂ ಕಾರಣ.

ಮೇಡಂ, ನಿಮ್ಮನ್ನು ಕೇಳಿಕೊಳ್ಳುವುದಿಷ್ಟೆ. ಗುರುವಾರ ನಿಮ್ಮ ರಕ್ಷಣೆಯ ಪ್ರಶ್ನೆಗಳ ಜೊತೆಗೆ, ಅಂಕಪಟ್ಟಿಯ ಪ್ರತಿಯನ್ನು ವಿದ್ಯಾರ್ಥಿಗೆ ಯಾವಾಗ ಕೊಡುತ್ತೀರಿ ಎಂಬುದನ್ನೂ ಕೇಳಿ. ಆ ಪ್ರಶ್ನೆಯನ್ನು ಆ ಕೋಣೆಯೊಳಗೆ ಕೇಳಬಲ್ಲವರು ನೀವು ಮಾತ್ರ.

ಪ್ರಶ್ನೆ ಕೇಳಿದವರಿಂದ: ಪ್ರಾಜೆಕ್ಟ್ ಸಮಿತಿಯ ಬೋಧಕಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೊರಗಿನ ವಕೀಲರೊಬ್ಬರನ್ನು ಬುಧವಾರ ಕಾಣುತ್ತಿದ್ದೇನೆ. ಅಂಕಪಟ್ಟಿಯ ಪ್ರತಿಯ ಬಗ್ಗೆ ಖಂಡಿತ ಕೇಳುತ್ತೇನೆ. ಆ ಮಾತು ನನ್ನ ಮನಸ್ಸಿಗೆ ನಾಟಿತು.

ಇನ್ನೆರಡು ಸಂದೇಹಗಳಿವೆ. ಆ ವಿದ್ಯಾರ್ಥಿ ಈಗಲೂ ನನ್ನ ಪ್ರಯೋಗಾಲಯಕ್ಕೆ ಬರುತ್ತಾರೆ, ಉನ್ನತ ವ್ಯಾಸಂಗಕ್ಕೆ ಶಿಫಾರಸು ಪತ್ರವನ್ನೂ ಕೇಳಿದ್ದಾರೆ. ಅವರೊಡನೆ ಮಾತನಾಡಲೇಬಾರದೇ? ಮತ್ತೊಂದು, ‘ಲೀಗಲ್‌ನವರು ಒಪ್ಪಲಿಲ್ಲ’ ಎಂಬ ಕಾರಣಕ್ಕೆ ನಮ್ಮ ಪ್ರಾಯೋಜಿತ ಸಂಶೋಧನೆಯ ಒಪ್ಪಂದ ಇನ್ನೂ ನಿಂತಿದೆ. ಅವರಿಗೆ ಒಪ್ಪದಿರುವ ಅಧಿಕಾರ ನಿಜವಾಗಿ ಇದೆಯೇ?

ಉತ್ತರ 4: ನಿವೃತ್ತ ಕಾನೂನು ಅಧಿಕಾರಿ

ವಿದ್ಯಾರ್ಥಿಯೊಡನೆ ಮಾತನಾಡಿ. ವಕೀಲರನ್ನು ನೇಮಿಸಿಕೊಂಡ ವ್ಯಕ್ತಿಯೊಡನೆ ಆ ವಿವಾದದ ಬಗ್ಗೆ ನೇರವಾಗಿ ಮಾತನಾಡಬಾರದೆಂಬ ನಿರ್ಬಂಧ ಇರುವುದು ಕಾಲೇಜಿನ ವಕೀಲರಿಗೆ. ಅವರು ಏನಿದ್ದರೂ ವಿದ್ಯಾರ್ಥಿಯ ವಕೀಲರ ಮೂಲಕವೇ ಹೇಳಬೇಕು. ನಿಮ್ಮನ್ನು ದೂತರನ್ನಾಗಿ ಮಾಡಿ ಸಂದೇಶ ಕಳುಹಿಸಲು ಅವರು ಯತ್ನಿಸಿದರೆ ಅದನ್ನು ಒಪ್ಪಬೇಡಿ. ನೀವು ದೂರಿನ ವಿಷಯವನ್ನು ಮಾತ್ರ ಬಿಟ್ಟು ಪಾಠ, ಪ್ರಯೋಗ, ಹಾಜರಾತಿ, ಉಪಕರಣದ ಸರದಿ ಎಲ್ಲವನ್ನೂ ಹಿಂದಿನಂತೆಯೇ ನಡೆಸಿಕೊಂಡು ಹೋಗಬೇಕು. ‘ದೂರು ವಿಚಾರಣೆಯಲ್ಲಿರುವುದರಿಂದ ಆ ಬಗ್ಗೆ ನಾನು ಮಾತನಾಡುವಂತಿಲ್ಲ, ಉಳಿದದ್ದಕ್ಕೆ ಎಂದಿನಂತೆ ಬನ್ನಿ’ ಎಂದು ಸಮಾಧಾನವಾಗಿ ಹೇಳಿದರೆ ಸಾಕು. ಶಿಫಾರಸು ಪತ್ರವನ್ನು ದೂರು ಕೊಡದ ವಿದ್ಯಾರ್ಥಿಗೆ ಬರೆಯುತ್ತಿದ್ದಿರಾದರೆ ಇವರಿಗೂ ಬರೆಯಿರಿ, ಅದೇ ಅಳತೆಯಲ್ಲಿ. ದೂರು ಕೊಟ್ಟಿದ್ದಕ್ಕಾಗಿ ಸೇಡು ತೀರಿಸಿಕೊಂಡರು ಎಂಬ ಆರೋಪ ಮೂಲ ದೂರಿಗಿಂತ ಗಂಭೀರವಾಗಬಲ್ಲದು, ಅದಕ್ಕಿಂತ ಮುಖ್ಯವಾಗಿ ಹಾಗೆ ನಡೆದುಕೊಳ್ಳುವುದು ತಪ್ಪು. ಹಿಂದೆ ವಿದ್ಯಾರ್ಥಿನಿ ಬರೆದ ಮೌನದ ಮಾತು ನಿಜ. ಕಚೇರಿಗಳು ‘ಗೌಪ್ಯ’ ಎಂದು ಬರೆಯುವಾಗ ಯಾವುದರ ಬಗ್ಗೆ ಮಾತನಾಡಬಹುದು ಎಂಬುದನ್ನೂ ಅದೇ ಪತ್ರದಲ್ಲಿ ಬರೆಯಬೇಕು.

ಇನ್ನು ಎರಡನೆಯದು. ಕಾನೂನು ವಿಭಾಗ ಸಲಹೆ ಕೊಡುತ್ತದೆ, ತೀರ್ಮಾನ ಆಡಳಿತದ್ದು. ಕಾನೂನಿಗೆ ನೇರವಾಗಿ ವಿರುದ್ಧವಾದುದನ್ನು ಬಿಟ್ಟರೆ, ಈ ಷರತ್ತಿನಲ್ಲಿ ಇಷ್ಟು ಅಪಾಯವಿದೆ ಎಂದು ಹೇಳುವುದು ಅದರ ಕೆಲಸ. ಆ ಅಪಾಯವನ್ನು ಹೊರಬೇಕೋ ಬೇಡವೋ ಎಂಬುದು ಸಹಿ ಹಾಕುವ ಅಧಿಕಾರವಿರುವವರ ವಿವೇಚನೆ. ಬೇಡವೆನ್ನುವ ಮನಸ್ಸಿದ್ದು ಅದನ್ನು ತಮ್ಮ ಬಾಯಿಂದ ಹೇಳಲು ಹಿಂಜರಿಯುವ ಅಧಿಕಾರಿಗಳು ‘ಲೀಗಲ್ ಒಪ್ಪಲಿಲ್ಲ’ ಎನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಮತ್ತು ಪ್ರತಿಸಲವೂ ನೊಂದಿದ್ದೇನೆ, ಏಕೆಂದರೆ ಅದರಿಂದ ಬೋಧಕರಿಗೂ ಕಚೇರಿಗೂ ನಡುವಿನ ವಿಶ್ವಾಸ ಹಾಳಾಗುತ್ತದೆ. ಯಾವ ಕಲಮಿಗೆ ಆಕ್ಷೇಪ, ಬದಲಿ ಒಕ್ಕಣೆ ಏನು, ಅಂತಿಮ ತೀರ್ಮಾನ ಯಾರದು ಎಂದು ಲಿಖಿತವಾಗಿ ಕೇಳಿ.

ಪ್ರಾಯೋಜಿತ ಸಂಶೋಧನೆಯ ಒಪ್ಪಂದ ಸಾಮಾನ್ಯವಾಗಿ ನಿಲ್ಲುವುದು ಕೆಲವೇ ಜಾಗಗಳಲ್ಲಿ. ಪ್ರಾಯೋಜಕರು ಫಲಿತಾಂಶದ ಪ್ರಕಟಣೆಯನ್ನು ತಡೆಯುವ ಹಕ್ಕು ಕೇಳುತ್ತಾರೆ. ಪ್ರಕಟಣೆಗೆ ಮೊದಲು ಓದಿ ಅಭಿಪ್ರಾಯ ಹೇಳಲು ನಿಗದಿತ ಅವಧಿ ಕೊಡುವುದು ಸರಿ, ತಡೆಯುವ ಹಕ್ಕು ಕೊಟ್ಟರೆ ವಿದ್ಯಾರ್ಥಿಯ ಪ್ರಬಂಧವೇ ಬಂಧಿಯಾಗುತ್ತದೆ. ಏನೇ ನಷ್ಟವಾದರೂ ಕಾಲೇಜು ಮಿತಿಯಿಲ್ಲದೆ ಭರಿಸಬೇಕು ಎಂಬ ಸಾಲು ಇರುತ್ತದೆ. ಹುಟ್ಟುವ ಬೌದ್ಧಿಕ ಆಸ್ತಿ ಪೂರ್ತಿ ಅವರದೇ ಎಂದಿರುತ್ತದೆ, ಅದರಲ್ಲಿ ನೀವು ಹಿಂದಿನ ಯೋಜನೆಯಿಂದ ತಂದ ವಿಧಾನವೂ ಸೇರಿಹೋಗುತ್ತದೆ. ಕರಡು ಕಳುಹಿಸುವಾಗ ಒಂದು ಪುಟದಲ್ಲಿ ಸಂಶೋಧನೆ ಏನು, ಯಾವ ವಿದ್ಯಾರ್ಥಿಗಳ ಪ್ರಬಂಧ ಇದಕ್ಕೆ ಅಂಟಿಕೊಂಡಿದೆ, ಯಾವ ಷರತ್ತು ಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಟ್ಟರೆ ಕೆಲಸವೇ ನಡೆಯದು ಎಂದು ಬರೆದು ಕೊಡಿ. ಆ ಪುಟವಿಲ್ಲದಿದ್ದರೆ ವಕೀಲರು ಎಲ್ಲ ಕಲಮುಗಳಿಗೂ ಒಂದೇ ತೂಕ ಕೊಟ್ಟು ಹೋರಾಡುತ್ತಾರೆ, ತಿಂಗಳುಗಳು ಉರುಳುತ್ತವೆ. ಅವಸರವೆಂದು ನೀವೇ ಸಹಿ ಹಾಕುವುದು ಮಾತ್ರ ಬೇಡ. ಕಾಲೇಜನ್ನು ಬದ್ಧಗೊಳಿಸುವ ಅಧಿಕಾರ ಬೋಧಕರಿಗೆ ಸಾಮಾನ್ಯವಾಗಿ ಇರುವುದಿಲ್ಲ, ಹಾಗೆ ಸಹಿ ಹಾಕಿದರೆ ಹೊಣೆ ನಿಮ್ಮ ತಲೆಯ ಮೇಲೆಯೇ ಬರಬಹುದು.

ಉತ್ತರ 5: ಹೊರಗಿನ ವಕೀಲರು

ಬುಧವಾರ ವಕೀಲರನ್ನು ಕಾಣುವಾಗ ಒಂದು ವಿಷಯವನ್ನು ಅವರ ಗಮನಕ್ಕೆ ತನ್ನಿ. ಈ ದೂರನ್ನು ತೀರ್ಮಾನಿಸುವ ಸಮಿತಿಗೆ ಸಲಹೆ ಕೊಡುವವರು ಯಾರು? ಅದೇ ಕಾನೂನು ವಿಭಾಗ ಒಂದು ಕಡೆ ಆಡಳಿತದ ಪರವಾಗಿ ಸಂಗತಿಗಳನ್ನು ಸಂಗ್ರಹಿಸಿ, ಇನ್ನೊಂದು ಕಡೆ ತೀರ್ಪು ಹೇಳುವ ಸಮಿತಿಯ ಪಕ್ಕದಲ್ಲಿಯೂ ಕುಳಿತು, ನಾಳೆ ನ್ಯಾಯಾಲಯದಲ್ಲಿ ಆ ತೀರ್ಪನ್ನು ಸಮರ್ಥಿಸುವುದಾದರೆ, ವಿದ್ಯಾರ್ಥಿಯ ವಕೀಲರು ಮೊದಲು ಹಿಡಿಯುವುದೇ ಆ ಎಳೆಯನ್ನು. ಜವಾಬ್ದಾರಿಯುತ ಕಚೇರಿಗಳು ಈ ಎರಡು ಕೆಲಸಗಳನ್ನು ಬೇರೆ ಬೇರೆ ವ್ಯಕ್ತಿಗಳಿಗೆ ಹಂಚುತ್ತವೆ, ಅಥವಾ ಸಮಿತಿಗೆ ಹೊರಗಿನ ಸಲಹೆಗಾರರನ್ನು ಕೊಡುತ್ತವೆ. ಇದು ನಿಮ್ಮ ಹೊಣೆಯಲ್ಲ, ಆದರೆ ಸಮಿತಿ ನಿಮ್ಮನ್ನು ಸಾಕ್ಷಿಯಾಗಿ ಕರೆದಾಗ ಯಾರ ಪ್ರಶ್ನೆಗೆ ಉತ್ತರಿಸುತ್ತಿದ್ದೀರಿ ಎಂಬುದು ನಿಮಗೆ ಗೊತ್ತಿರಬೇಕು.

ಗುರುವಾರದ ಸಭೆಯ ನಂತರ ನಿಮ್ಮದೇ ಟಿಪ್ಪಣಿ ಬರೆದುಕೊಳ್ಳುವುದಾದರೆ ಅಂದೇ ಬರೆಯಿರಿ, ನೈಜ ದಿನಾಂಕ ಹಾಕಿ, ನೀವು ಕಂಡದ್ದನ್ನೂ ಕೇಳಿದ್ದನ್ನೂ ಮಾತ್ರ ಬರೆಯಿರಿ. ಮುಖ್ಯಸ್ಥರು ಏಕೆ ತಿದ್ದಿರಬಹುದು ಎಂಬ ಊಹೆ ಅದರಲ್ಲಿ ಬೇಡ, ಏಕೆಂದರೆ ಆ ಹಾಳೆಯೂ ಮುಂದೆ ನ್ಯಾಯಾಲಯದ ಮುಂದೆ ಬರಬಹುದು. ನಿಮ್ಮ ವಕೀಲರಿಗೆ ಬರೆಯುವುದನ್ನು ಕಾಲೇಜಿನ ಇಮೇಲ್ ಖಾತೆಯಿಂದಾಗಲಿ ಕಾಲೇಜಿನ ಲ್ಯಾಪ್‌ಟಾಪಿನಿಂದಾಗಲಿ ಕಳುಹಿಸಬೇಡಿ. ಅವುಗಳ ಮೇಲೆ ಸಂಸ್ಥೆಗೆ ಹಿಡಿತವಿರುವುದರಿಂದ ನಿಮ್ಮ ಗೌಪ್ಯತೆಯೇ ಪ್ರಶ್ನೆಗೆ ಒಳಗಾಗಬಹುದು. ಸ್ವಂತ ಫೋನಿನಿಂದ, ಸ್ವಂತ ಖಾತೆಯಿಂದ ಬರೆಯಿರಿ.